ಬಾಟಲಿ ಮೇಲೆ ಎಲೆ ಚಿತ್ರ ಇದ್ದರೆ ಸಾಕೇ?

ಹೋದ ತಿಂಗಳು ಒಂದು ಶನಿವಾರ ನಮ್ಮ ಅಡುಗೆಮನೆಯಲ್ಲಿ ಬೆಳ್ಳಂದೂರು ಕೆರೆ ಅವತರಿಸಿತು. ಡಿಶ್‌ವಾಷರ್ ಬಾಗಿಲ ಸಂದಿಯಿಂದ ನೊರೆ ಉಕ್ಕಿ ನೆಲವೆಲ್ಲಾ ಬೆಳ್ಳಗೆ! ತಪ್ಪು ನಂದೇ. "ಕೆಮಿಕಲ್ ಯಾಕೋ ಹಾಕ್ತೀಯ, ಅಂಟುವಾಳದ ಕಾಯಿ ಕುದಿಸಿ ಆ ನೀರು ಹಾಕು" ಅಂತ ಅಕ್ಕ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನಂಬಿದೆ. ಎಂಜಿನಿಯರಿಂಗ್ ಓದಿದವನು ಒಂದು ನಿಮಿಷ ಯೋಚಿಸಬೇಕಿತ್ತು :-)

ಡಿಶ್‌ವಾಷರ್ ಪಾತ್ರೆಯನ್ನು ತಿಕ್ಕೋದಿಲ್ಲ. ಬಿಸಿನೀರನ್ನು ರಭಸವಾಗಿ ಎರಚುತ್ತೆ, ಅಷ್ಟೆ. ನೊರೆ ತುಂಬಿದರೆ ಪಂಪಿಗೆ ನೀರಿನ ಜೊತೆ ಗಾಳಿ ಹೋಗಿ ಆ ರಭಸವೇ ಸತ್ತು ಹೋಗುತ್ತೆ. ಅದಕ್ಕೇ ಅದರ ಪುಡಿಯಲ್ಲಿ ನೊರೆ ಬಾರದ ಹಾಗೆ ನೋಡಿಕೊಂಡಿರ್ತಾರೆ. ಅಂಟುವಾಳದಲ್ಲಿರೋ ಸಪೋನಿನ್ನಿನ ಕಸುಬೇ ನೊರೆ ಬರಿಸೋದು. ತಲೆಕೂದಲಿಗೆ, ರೇಷ್ಮೆ ಸೀರೆಗೆ ಅದು ಒಳ್ಳೇದೇ. ಅಂದಹಾಗೆ ಅದೇ ಸಪೋನಿನ್ ಮೀನಿಗೆ ವಿಷ. ಕಾಯಿ ಮಾತ್ರ ನೂರಕ್ಕೆ ನೂರು ನೈಸರ್ಗಿಕ!

ಇನ್ನೊಂದು ಜನಪ್ರಿಯ ಮದ್ದು, ಅಡುಗೆ ಸೋಡಾ ಜೊತೆ ವಿನೆಗರ್. ಬುಸ್ ಅನ್ನುತ್ತೆ, ನೋಡೋಕೆ ಚೆಂದ. ಒಂದು ಕ್ಷಾರ, ಇನ್ನೊಂದು ಆಮ್ಲ, ಎರಡೂ ಸೇರಿ ಒಂದನ್ನೊಂದು ಮುಗಿಸಿಬಿಡುತ್ತವೆ. ಉಳಿಯೋದು ಸೋಡಿಯಂ ಅಸಿಟೇಟ್ ಕರಗಿದ ನೀರು. ಜಿಡ್ಡು ಇದ್ದಲ್ಲೇ ಇರುತ್ತೆ.

ಇವೆಲ್ಲ ಮನೆಮದ್ದಿನ ಮುಗ್ಧತೆ, ಇರಲಿ ಬಿಡಿ. ನನಗೆ ಸಿಟ್ಟು ಬರೋದು ಅಂಗಡಿಯ ಹಸಿರು ಬಾಟಲಿಗಳನ್ನು ನೋಡಿದರೆ. ಮುಂದೆ ಎಲೆ, ನಿಂಬೆಹಣ್ಣು, "ಸಸ್ಯಜನ್ಯ", "ಕೆಮಿಕಲ್ ರಹಿತ". ಹಿಂದೆ ತಿರುಗಿಸಿದರೆ ಒಳಗೇನಿದೆ ಅನ್ನೋ ಪಟ್ಟಿಯೇ ಇಲ್ಲ! ಬೆಲೆ ಮಾತ್ರ ಒಂದೂವರೆ ಪಟ್ಟು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಸಿರು ಬಣ್ಣ ಬಳಿಯುವ ಇಂಥ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವಿವರಣೆ, ಆಧಾರ ಕೊಡದೆ "ನೈಸರ್ಗಿಕ" ಅಂತ ಬರೀಬಾರದು ಅಂತ ಅದರಲ್ಲಿದೆ. ನಾನು ಮೊನ್ನೆ ಎತ್ತಿಕೊಂಡ ಬಾಟಲಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ.

ನನ್ನ ಪ್ರಕಾರ ಕೇಳಬೇಕಾದ್ದು ಇದು ಎಲ್ಲಿಂದ ಬಂತು ಅಂತ ಅಲ್ಲ, ತೂಬಿನಿಂದಾಚೆ ಹೋಗಿ ಏನು ಮಾಡುತ್ತೆ ಅಂತ. ಫಾಸ್ಫೇಟನ್ನೇ ತಗೊಳ್ಳಿ. ನೆಲದಿಂದ ಅಗೆದ ಕಲ್ಲಿನಿಂದ ಬರುತ್ತೆ, ಅದಕ್ಕಿಂತ ನೈಸರ್ಗಿಕ ಇನ್ನೇನು? ಗಡಸು ನೀರಿನ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಗಾಜಿನ ಲೋಟ ಫಳಫಳ ಅನ್ನಿಸುತ್ತೆ. ಆಮೇಲೆ ಕೆರೆಗೆ ಹೋಗಿ ಪಾಚಿಗೂ ಜೊಂಡಿಗೂ ಗೊಬ್ಬರವಾಗುತ್ತೆ. ಅಪಾರ್ಟ್‌ಮೆಂಟಿನ ಮಾಮೂಲಿ ಎಸ್‌ಟಿಪಿ ಅದನ್ನು ಪೂರ್ತಿ ತೆಗೆಯೋದಿಲ್ಲ. ಯುರೋಪಿನಲ್ಲಿ 2017ರ ಜನವರಿಯಿಂದ ಮನೆಬಳಕೆಯ ಡಿಶ್‌ವಾಷರ್ ಪುಡಿಯಲ್ಲಿ ಒಂದು ಸಲದ ತೊಳೆತಕ್ಕೆ 0.3 ಗ್ರಾಂಗಿಂತ ಹೆಚ್ಚು ರಂಜಕ ಇರಬಾರದು. ನಮ್ಮಲ್ಲಿ 2015ರ ಮೇನಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿಯೇ ಹೊತ್ತಿಕೊಂಡಿತು. ಆ ನೊರೆ ಊರಿಗೆ ಊರೇ ಬಿಟ್ಟ ಕೊಳಚೆ ಮತ್ತು ಸೋಪಿನ ನೀರಿನದು. ಅದರಲ್ಲಿ ನಮ್ಮ ನಿಮ್ಮ ಸಿಂಕಿನ ಪಾಲೂ ಇದೆ.

"ನಮ್ಮ ಅಜ್ಜಿ ಬೂದಿಯಲ್ಲಿ ತೊಳೀತಿದ್ರು" ಅಂತ ಕಣ್ಣು ತುಂಬಿಕೊಳ್ಳೋರಿಗೆ ಒಂದು ಮಾತು. ನನ್ನ ಅಜ್ಜಿಯೂ ತೊಳೀತಿದ್ದರು. ಒಲೆ ಬೂದಿ, ತೆಂಗಿನ ನಾರು; ಹಿತ್ತಾಳೆಗೆ, ತಾಮ್ರಕ್ಕೆ ಹುಣಸೆಹಣ್ಣು. ಬೂದಿಯ ಕ್ಷಾರ ಜಿಡ್ಡಿಗೆ, ಹುಣಸೆಯ ಹುಳಿ ಕಿಲುಬಿಗೆ. ಪ್ರಕೃತಿಪ್ರೇಮದಿಂದ ಅಲ್ಲ ಸ್ವಾಮಿ, ಯಾವ ಪಾತ್ರೆಗೆ ಯಾವುದು ಅಂತ ಅವರಿಗೆ ಗೊತ್ತಿತ್ತು. ಅದೇ ಕ್ಷಾರ ಅವರ ಬೆರಳನ್ನೂ ಸೀಳಿತ್ತು. ರಾತ್ರಿ ಮುಸುರೆ ಮುಗಿಸಿ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರೋರು. ಈ ನೆನಪಿನ ಬರಹಗಳಲ್ಲಿ ಆ ಬೆರಳು ಯಾಕೆ ಬರೋದಿಲ್ಲ? ಬರೆಯೋರು ತೊಳೆದವರಲ್ಲ, ಅದಕ್ಕೇ ಇರಬೇಕು.

ನಾನೀಗ ಏನು ಹಾಕ್ತೀನಿ ಅಂದರೆ: ಹಿಂದೆ ಪಟ್ಟಿ ಇರುವ, ಫಾಸ್ಫೇಟ್ ಇಲ್ಲದ ಪುಡಿ. ವಾಷಿಂಗ್ ಸೋಡಾ, ಪರ್‌ಕಾರ್ಬೋನೇಟ್, ಕಿಣ್ವಗಳು. ಕಿಣ್ವ ತಯಾರಿಸೋದು ಕಾರ್ಖಾನೆಯ ತೊಟ್ಟಿಯಲ್ಲಿ ಸಾಕಿದ ಬ್ಯಾಕ್ಟೀರಿಯಾ. ಅದು ನೈಸರ್ಗಿಕವೋ ಕೃತಕವೋ ನೀವೇ ಹೇಳಿ. ನಮ್ಮದು ಬೋರ್‌ವೆಲ್ ನೀರು, ಹಾಗಾಗಿ ಯಂತ್ರದ ಉಪ್ಪಿನ ಖಾನೆ ಖಾಲಿ ಬಿಡೋದಿಲ್ಲ. ಗಡಸುತನಕ್ಕೆ ತಕ್ಕಂತೆ ಸೆಟ್ಟಿಂಗ್ ಸರಿಮಾಡಿದ ಮೇಲೆ ಪುಡಿಯೂ ಕಡಿಮೆ ಸಾಕಾಗ್ತಿದೆ. ಒಳಗೆ ಬಿಳಿ ಕಟ್ಟಿದರೆ ಯಂತ್ರ ಖಾಲಿ ಇಟ್ಟು, ಪುಡಿ ಹಾಕದೆ, ಬರೀ ನಿಂಬೆ ಉಪ್ಪು ಹಾಕಿ ಓಡಿಸ್ತೀನಿ. ಅಲ್ಯುಮಿನಿಯಂ ಇಡ್ಲಿ ತಟ್ಟೆ ಒಳಗೆ ಹಾಕಬೇಡಿ, ಕಪ್ಪಾಗುತ್ತೆ. (ಅಮ್ಮನಿಂದ ಬೈಸಿಕೊಂಡಿದ್ದೇನೆ.)

ಆ ಹಸಿರು ಬಾಟಲಿಯವರಿಗೆ "ಒಳಗೇನಿದೆ?" ಅಂತ ಮೇಲ್ ಹಾಕಿದ್ದೆ. "ನಮ್ಮ ಉತ್ಪನ್ನ ಪ್ರಕೃತಿಯಿಂದ ಪ್ರೇರಿತ" ಅಂತ ಒಂದೇ ಸಾಲಿನ ಉತ್ತರ ಬಂತು. ಮತ್ತೆ ಬರೆದಿದ್ದೇನೆ. ಪಟ್ಟಿ ಬಂದರೆ ಇಲ್ಲೇ ಹಾಕ್ತೀನಿ.