ತೆಲಸಂಗದ ಒಣದ್ರಾಕ್ಷಿ: ರುಚಿಗಲ್ಲ, ಬಣ್ಣಕ್ಕೆ ರೇಟು

ಅಥಣಿಯಿಂದ ವಿಜಯಪುರದ ಕಡೆ ಹೋಗುವಾಗ ತೆಲಸಂಗದ ಆಸುಪಾಸು ಹೊಲಗಳಲ್ಲಿ ಹಸಿರು ಬಲೆ ಕಟ್ಟಿದ ಉದ್ದನೆಯ ಶೆಡ್ಡುಗಳು ಕಾಣುತ್ತವೆ. ದ್ರಾಕ್ಷಿ ಒಣಗುವುದು ಅಲ್ಲೇ. ಮಾರ್ಚ್ ತಿಂಗಳಲ್ಲಿ ಅಂಥ ಒಂದು ಮನೆಯವರ ತೋಟಕ್ಕೆ ಹೋಗಿದ್ದೆ. ಗಂಡ, ಹೆಂಡತಿ, ಮುದುಕಿ ತಾಯಿ, ಕಾಲೇಜಿಗೆ ಹೋಗುವ ಮಗ. ತೋಟದ ಕೆಲಸವೆಲ್ಲ ಈ ನಾಲ್ಕು ಮಂದಿಯದೇ. ಕಟಾವಿಗೆ ಮಾತ್ರ ಆಳು ಬರುತ್ತಾರೆ.

ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್ ಹೊತ್ತಿಗೆ ಇನ್ನೊಂದು. ನಡುವೆ ಔಷಧಿ, ಗೊಬ್ಬರ, ನೀರು. ಕೃಷ್ಣಾ ನದಿ ನಮ್ಮ ತಾಲೂಕಿನಲ್ಲೇ ಹರಿದರೂ ಈ ಭಾಗದ ಬೋರ್‌ವೆಲ್ ಬೇಸಿಗೆಯಲ್ಲಿ ಬತ್ತುತ್ತವೆ. ಆಗ ಟ್ಯಾಂಕರ್ ನೀರು ಹಾಕಿಯಾದರೂ ಬಳ್ಳಿ ಉಳಿಸಿಕೊಳ್ಳಬೇಕು.

ಕಟಾವಾದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು ಬಲೆಯ ಮೇಲೆ ಹರವುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರು ಸಡಿಲಾಗಿ ಹಣ್ಣು ಬೇಗ ಒಣಗುತ್ತದೆ. ಇದು ಹಳೆಯ ವಿದ್ಯೆ. ತುರ್ಕಿ, ಗ್ರೀಸ್ ಕಡೆ ಹಿಂದೆ ಬೂದಿ ನೀರಿಗೆ ಆಲಿವ್ ಎಣ್ಣೆ ಬೆರೆಸಿ ಇದನ್ನೇ ಮಾಡುತ್ತಿದ್ದರು. ಎರಡು ವಾರದ ಮೇಲೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ.

ಆ ಎರಡು ವಾರ ಮನೆಯವರಿಗೆ ನಿದ್ದೆ ಇಲ್ಲ. ಮೋಡ ಕಂಡರೆ ತಾಡಪತ್ರಿ ಹಿಡಿದು ಓಡಬೇಕು.

"ಮಳಿ ಹವಾ ಬಿತ್ತಂದ್ರ ಹಣ್ಣ ಕರ್ರಗ ಆಗ್ತಾವ ತಮ್ಮಾ. ರುಚಿ ಅದ ಇರ್ತೈತಿ, ರೇಟ ಮಾತ್ರ ಇರೂದಿಲ್ಲ," ಅಂದರು ಆ ಅಕ್ಕಾರು. ಒಂದು ಮುಷ್ಟಿ ಕಂದು ಹಣ್ಣು, ಒಂದು ಮುಷ್ಟಿ ಹಳದಿ ಹಣ್ಣು ಕೈಗೆ ಹಾಕಿದರು. ಕಣ್ಣು ಮುಚ್ಚಿ ತಿಂದೆ. ಯಾವುದು ಯಾವುದೆಂದು ಹೇಳಲು ಆಗಲಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಬೂಸ್ಟು ಹಿಡಿದ ಹಣ್ಣನ್ನು ಎಸೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರೀ ಕಂದಾಗಿದೆ ಎಂದು ಒಳ್ಳೆಯ ಹಣ್ಣಿನ ದರ ಇಳಿಸುವುದು ಯಾವ ನ್ಯಾಯ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿಸಿಲಿಗೆ ಒಣಗಿದ ಕಂದು ಒಣದ್ರಾಕ್ಷಿಯನ್ನೇ ಜನ ದಿನಾ ತಿನ್ನುತ್ತಾರೆ. ನಮ್ಮಲ್ಲಿ ಹಳದಿ ಹೊಳಪಿಗಾಗಿ ಗಂಧಕದ ಹೊಗೆ ಕೊಡಬೇಕು. ಆ ಹೊಗೆ ಕುಡಿಯುವವರು ಶೆಡ್ಡಿನಲ್ಲಿ ದುಡಿಯುವವರು. ದಮ್ಮು ಇರುವವರಿಗೆ ಅದು ತಿನ್ನುವಾಗಲೂ ಒಳ್ಳೆಯದಲ್ಲ.

ಮಾಲು ಹೆಚ್ಚಾಗಿ ಗಡಿ ದಾಟಿ ತಾಸಗಾಂವ್, ಸಾಂಗ್ಲಿಗೆ ಹೋಗುತ್ತದೆ. ವಿಜಯಪುರದಲ್ಲೂ ವ್ಯಾಪಾರ ಇದೆ. ಎಲ್ಲಿ ಹೋದರೂ ದರ ಹೇಳುವವನು ಕೊಳ್ಳುವವನು. ತಡೆದು ಮಾರೋಣವೆಂದರೆ ಸಾಲದ ಬಡ್ಡಿ ತಡೆಯುವುದಿಲ್ಲ. ಆದ್ದರಿಂದ ಈ ಭಾಗದಲ್ಲೇ ಕೋಲ್ಡ್ ಸ್ಟೋರೇಜ್ ಬೇಕು, ಅಲ್ಲಿಟ್ಟ ಮಾಲಿನ ಮೇಲೆ ಕಡಿಮೆ ಬಡ್ಡಿಗೆ ಸಾಲ ಸಿಗಬೇಕು. ಬಳ್ಳಿಯ ಮೇಲಿನ ಬೆಳೆಗೆ ಮಾತ್ರವಲ್ಲ, ಶೆಡ್ಡಿನೊಳಗಿನ ಆ ಎರಡು ವಾರಕ್ಕೂ ವಿಮೆ ಬೇಕು.

ಸರ್ಕಾರ ಇನ್ನೊಂದು ಕೆಲಸ ಮಾಡಬಹುದು. ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಕ್ರಮ ಇದೆ. ಅದರ ಜೊತೆ ವಾರಕ್ಕೊಂದು ದಿನ ಒಂದು ಹಿಡಿ ಒಣದ್ರಾಕ್ಷಿ ಸೇರಲಿ. ಬಣ್ಣ ನೋಡದೆ, ಗಂಧಕ ಹಾಕದ ಹಣ್ಣನ್ನು ನೇರ ರೈತರಿಂದ ಕೊಳ್ಳಲಿ. ಮಕ್ಕಳು ರುಚಿ ನೋಡುತ್ತಾರೆ, ಬಣ್ಣ ಅಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ರೈತರೇ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲವೆಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿದೆ. ಮದುವೆ, ಸೀಮಂತ, ಜಾತ್ರೆಯ ಪಾಯಸಕ್ಕೆ ಬೇಕಾದ ಹಣ್ಣನ್ನು ಪ್ಯಾಕೆಟ್‌ನಲ್ಲಿ ತರುವ ಮೊದಲು ಪಕ್ಕದ ಶೆಡ್ಡಿಗೆ ಒಂದು ಫೋನ್ ಮಾಡಿ. "ಕಂದು ಹಣ್ಣ ಅದಾವೇನ್ರಿ?" ಎಂದು ಕೇಳಿ.

ಹೊರಡುವಾಗ ಆಯಿ ಒಂದು ಚೀಲ ಒಣದ್ರಾಕ್ಷಿ ಕಟ್ಟಿ ಕೊಟ್ಟರು. ದುಡ್ಡು ಕೊಡಹೋದರೆ, "ಕರೀವು ಅದಾವು, ಅದಕ್ಕೇನ್ ರೊಕ್ಕ?" ಅಂದರು. ವರ್ಷವಿಡೀ ದುಡಿದವರೇ ತಮ್ಮ ಹಣ್ಣಿಗೆ ಬೆಲೆ ಇಲ್ಲ ಎಂದು ನಂಬಿಬಿಟ್ಟಿದ್ದಾರೆ. ನಾನು ಹಳದಿ ಹಣ್ಣಿನ ದರವನ್ನೇ ಅವರ ಕೈಗಿಟ್ಟು ಬಂದೆ.