ಹೊಸ ಲ್ಯಾಪ್‌ಟಾಪ್ ಕೇಳೋ ಮುಂಚೆ

2025ರ ದೀಪಾವಳಿ ರಜೆಗೆ ಇಳಕಲ್‌ಗೆ ಹೋದಾಗ ಲ್ಯಾಪ್‌ಟಾಪ್ ಅಂಗಡಿಗೆ ಒಯ್ದಿದ್ದೆ. ಮೊದಲು ಅಣ್ಣ ಬಳಸಿದ್ದು, ಈಗ ನನ್ನ ಪಾಲಿಗೆ ಬಂದಿದ್ದು. 7ನೇ ಜನರೇಶನ್ ಐ3, 4 ಜಿಬಿ ರ‍್ಯಾಮ್. ಅಂಗಡಿಯವರು ಎರಡು ನಿಮಿಷ ನೋಡಿ, "ಇದರ ಕಥಿ ಮುಗೀತು ತಮ್ಮಾ, ಹೊಸಾದು ತಗೋ" ಅಂದರು.

ಮನೆಗೆ ಬಂದು ಹೇಳಿದೆ. ಮಗ್ಗದ ಮೇಲೆ ಕೂತಿದ್ದ ಅಪ್ಪ "ಎಷ್ಟಾಗತೈತಿ?" ಅಂತ ಕೇಳಿದರು. "ನಲವತ್ತು ಸಾವಿರ" ಅಂದೆ. ಅವರು ಏನೂ ಅನ್ನಲಿಲ್ಲ, ನೇಯೋದು ಮುಂದುವರಿಸಿದರು. ಎಷ್ಟು ಸೀರೆ ನೇಯ್ದರೆ ನಲವತ್ತು ಸಾವಿರ ಉಳಿಯುತ್ತೆ ಅಂತ ನನಗೆ ಗೊತ್ತು. ಅವತ್ತು ನಿದ್ದೆ ಬರಲಿಲ್ಲ.

ನಿಜ ಏನಂದ್ರೆ ಆ ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿದರೆ ಸೆಕ್ಯುರಿಟಿ ಅಪ್‌ಡೇಟ್ ಇನ್ನೊಂದು ವರ್ಷ ಸಿಗುತ್ತಿತ್ತು, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು. ಇಂಟೆಲ್‌ನ 8ನೇ ಜನರೇಶನ್‌ಗಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳು ಅದರ ಪಟ್ಟಿಯಲ್ಲೇ ಇಲ್ಲ. ಅಂದ್ರೆ ಕೀಬೋರ್ಡ್, ಸ್ಕ್ರೀನ್, ಪ್ರೊಸೆಸರ್ ಎಲ್ಲಾ ಸರಿ ಇದ್ದರೂ ಮಷಿನ್ "ಮುಗೀತು"!

ಬಾಗಲಕೋಟೆಗೆ ವಾಪಸ್ ಬಂದ ಮೇಲೆ ಹುನಗುಂದದ ನನ್ನ ರೂಮ್‌ಮೇಟ್ ಒಂದು ಪೆನ್‌ಡ್ರೈವ್ ಕೊಟ್ಟ. "ಲೇ, ಅಳೋದು ಬಿಡು, ಇದನ್ನ ಹಾಕಿ ನೋಡು" ಅಂದ. ಅದರಲ್ಲಿ ಲಿನಕ್ಸ್ ಮಿಂಟ್ ಇತ್ತು, ಎಕ್ಸ್‌ಎಫ್‌ಸಿಇ ಆವೃತ್ತಿ. ಸುಮಾರು 3 ಜಿಬಿ ಫೈಲು, ಪೂರ್ತಿ ಉಚಿತ. ಇನ್‌ಸ್ಟಾಲ್ ಮಾಡದೇ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ವೈಫೈ ಬಂತು, ಸೌಂಡ್ ಬಂತು, ಬ್ರೌಸರ್ ತೆರೀತು. ಅವತ್ತು ರಾತ್ರಿನೇ ಇನ್‌ಸ್ಟಾಲ್ ಮಾಡಿದೆ. ಈಗ ಸಿ, ಪೈಥಾನ್, ಲ್ಯಾಬ್ ರೆಕಾರ್ಡ್ ಎಲ್ಲಾ ಅದರಲ್ಲೇ. ಈ ಲೇಖನಾನೂ ಅದರಲ್ಲೇ ಟೈಪ್ ಮಾಡಿದ್ದು. ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕಗಪ ಕೀಬೋರ್ಡ್ ಮೊದಲೇ ಇದೆ, ಆರಿಸಿಕೊಂಡರೆ ಸಾಕು. ಇಂಗ್ಲಿಷ್ ಮೀಡಿಯಂನ ನನಗೇ ಎರಡು ವಾರದಲ್ಲಿ ಕೈ ಕೂತಿತು.

ಕ್ಲಾಸಲ್ಲಿ ಹೇಳಿದರೆ ಎರಡು ಮಾತು ಬರುತ್ತೆ. ಮೊದಲನೇದು, "ಸುಮ್ನೆ ಕ್ರ್ಯಾಕ್ ವಿಂಡೋಸ್ ಹಾಕ್ಕೋ." ಯಾರು ಮಾಡಿದ್ದು, ಒಳಗೆ ಏನು ತುಂಬಿದ್ದಾರೆ ಅಂತ ಗೊತ್ತಿಲ್ಲದ ಕ್ರ್ಯಾಕ್ ಹಾಕಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಬ್ಯಾಂಕ್ ಖಾತೆ ತೆಗೀತೀವಿ. ನಾವು ಎಂಜಿನಿಯರ್ ಆಗೋರು ಕಣ್ರೀ!

ಎರಡನೇದು, "ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಓಡಲ್ಲ." ಇದು ಖರೆ. ಸಿವಿಲ್, ಮೆಕ್ಯಾನಿಕಲ್‌ನವರು ವಿಂಡೋಸ್ ತೆಗೀಬೇಡಿ, ಪಕ್ಕದಲ್ಲಿ ಲಿನಕ್ಸ್ ಇಟ್ಟುಕೊಳ್ಳಿ. ಆನ್ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಬಹುದು.

ಆದರೆ ಆತುರ ಬೇಡ. ಬಾದಾಮಿಯ ಗೆಳೆಯನೊಬ್ಬ ನಾನು ಹೇಳಿದ್ದು ಕೇಳಿ ತಾನೇ ಮಾಡೋಕೆ ಹೋಗಿ, ಓದದೇ "ಡಿಸ್ಕ್ ಪೂರ್ತಿ ಅಳಿಸು" ಅನ್ನೋದನ್ನ ಒತ್ತಿಬಿಟ್ಟ. ಅವನ ಅಕ್ಕನ ಮದುವೆ ಫೋಟೋ ಎಲ್ಲಾ ಅದರಲ್ಲೇ ಇದ್ದವು. ಬ್ಯಾಕಪ್ ಇರಲಿಲ್ಲ. ಬ್ಯಾಕಪ್ ಮಾತು ನಾನು ಅವನಿಗೆ ಹೇಳಿರಲೇ ಇಲ್ಲ. ಆ ತಪ್ಪು ಅರ್ಧ ನನ್ನದು. ಅದಕ್ಕೇ ಇಲ್ಲಿ ಬರೀತಿದ್ದೀನಿ: ಮೊದಲು ಫೈಲುಗಳನ್ನ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪೆನ್‌ಡ್ರೈವ್‌ನಿಂದ ಒಂದು ದಿನ ಓಡಿಸಿ ನೋಡಿ. ಆಮೇಲೆ ಪ್ರತಿ ಸ್ಕ್ರೀನ್ ಓದಿ ಒತ್ತಿ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದಾಗ ಹೆಲ್ಸಿಂಕಿಯಲ್ಲಿ ಓದ್ತಿದ್ದ 21ರ ಹುಡುಗ. ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಕರ್ನಲ್. ಅವನಂಗೆ ಹೊಸದು ಬರೀರಿ ಅಂತ ನಾನು ಹೇಳ್ತಿಲ್ಲ. ಮನೆಯಲ್ಲಿ ನಲವತ್ತು ಸಾವಿರ ಕೇಳೋ ಮುಂಚೆ ಒಂದು ಸಂಜೆ ಕೊಟ್ಟು ನೋಡಿ ಅಂತ ಅಷ್ಟೇ.

ಇನ್‌ಸ್ಟಾಲ್ ಆದ ಮರುದಿನ ಅಪ್ಪನಿಗೆ ಫೋನ್ ಮಾಡಿ "ಹೊಸಾದು ಬ್ಯಾಡಪ್ಪಾ, ಇದೇ ಸರಿ ಆತು" ಅಂದೆ. "ಯಾರು ಮಾಡಿಕೊಟ್ರು?" ಅಂತ ಕೇಳಿದರು. "ನಾನೇ" ಅಂದೆ.

ಪೆನ್‌ಡ್ರೈವ್ ಈಗ ನನ್ನ ಹತ್ರ ಇದೆ. ಬೇಕಾದವರು ಕೇಳಿ. ಆದರೆ ಬ್ಯಾಕಪ್ ಮಾಡ್ಕೊಂಡೇ ಬನ್ನಿ.