ಅಗ್ಗದ ಲೋಹ, ದುಬಾರಿ ಒತ್ತಡ

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಪ್ರಾಣ ತೆಗೆಯುವ ಅನಿಲ ಕಾರ್ಬನ್ ಮಾನಾಕ್ಸೈಡ್. ರಾಸಾಯನಿಕ ಕಾರ್ಖಾನೆಗಳಿಗೆ ಮಾತ್ರ ಅದು ಒಳ್ಳೆಯ ಕಚ್ಚಾವಸ್ತು. ಬೇರೊಂದು ಅಣುವಿಗೆ ಅದನ್ನು ಜೋಡಿಸಿ ಹೊಸ ವಸ್ತು ಪಡೆಯುವುದಕ್ಕೆ ಕಾರ್ಬೊನೈಲೀಕರಣ ಎಂದು ಹೆಸರು. ಆದರೆ ಜೋಡಣೆ ಸುಲಭವಾಗಿ ಆಗುವುದಿಲ್ಲ; ನಡುವೆ ಲೋಹವೊಂದು ಕ್ರಿಯಾವರ್ಧಕವಾಗಿ ನಿಲ್ಲಬೇಕು.

1938ರಲ್ಲಿ ಜರ್ಮನಿಯ ರೂರ್‌ಕೆಮಿ ಕಂಪನಿಯ ಆಟೊ ರೋಲೆನ್ ಬೇರೇನೋ ಪ್ರಯೋಗ ಮಾಡುತ್ತಿದ್ದಾಗ, ಕೋಬಾಲ್ಟ್ ಈ ಕೆಲಸ ಮಾಡುವುದನ್ನು ಕಂಡರು. ಎಥಿಲೀನ್, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಕೂಡಿ ಮೂರು ಕಾರ್ಬನ್‌ಗಳ ಆಲ್ಡಿಹೈಡ್ ಆಗಿತ್ತು. ಇಂಥ ಆಲ್ಡಿಹೈಡುಗಳಿಂದ ಆಲ್ಕೊಹಾಲ್, ಅದರಿಂದ ಮಾರ್ಜಕ, ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ವಸ್ತುಗಳು ತಯಾರಾಗುತ್ತವೆ.

ಕೋಬಾಲ್ಟ್‌ಗೆ ಒಂದು ದೌರ್ಬಲ್ಯ. ಅದು ಕಾರ್ಬನ್ ಮಾನಾಕ್ಸೈಡ್ ಅಣುಗಳನ್ನು ತನ್ನ ಸುತ್ತ ಹಿಡಿದುಕೊಂಡಿರುವಷ್ಟು ಹೊತ್ತು ಮಾತ್ರ ಕ್ರಿಯಾವರ್ಧಕ. ಅನಿಲದ ಒತ್ತಡ ಕಡಿಮೆಯಾದರೆ ಅವು ಕಳಚಿಕೊಂಡು, ಬರೀ ಲೋಹ ತಳಕ್ಕೆ ಕೂರುತ್ತದೆ. ಅದಕ್ಕೇ 200ರಿಂದ 300 ವಾಯುಭಾರದ ಒತ್ತಡ ಬೇಕು. ಅಷ್ಟನ್ನು ತಾಳಲು ದಪ್ಪ ಉಕ್ಕಿನ ಪಾತ್ರೆಗಳು, ದೊಡ್ಡ ಕಂಪ್ರೆಸರ್‌ಗಳು, ವಿದ್ಯುತ್ತು ಬೇರೆ. ಲೋಹದಲ್ಲಿ ಉಳಿಸಿದ ಹಣ ಹೀಗೆ ಹರಿದುಹೋಯಿತು.

1970ರ ದಶಕದಲ್ಲಿ ಕಾರ್ಖಾನೆಗಳು ರೋಡಿಯಮ್‌ನತ್ತ ಹೊರಳಿದವು. ರಂಜಕವುಳ್ಳ ಫಾಸ್ಫೀನ್ ಜೊತೆಗಿದ್ದರೆ ಅದಕ್ಕೆ ಸುಮಾರು 20 ವಾಯುಭಾರವೇ ಸಾಕು. ಬೆಲೆ? 2021ರಲ್ಲಿ ಸುಮಾರು 31 ಗ್ರಾಂ ರೋಡಿಯಮ್ 25 ಸಾವಿರ ಡಾಲರನ್ನೂ ದಾಟಿತ್ತು! ತೊಟ್ಟು ಸೋರಿಹೋದರೂ ನಷ್ಟವೇ.

ಹಾಗಾಗಿ ಕೋಬಾಲ್ಟನ್ನೇ ತಿದ್ದುವ ಪ್ರಯತ್ನ ನಿಲ್ಲಲಿಲ್ಲ. 2020ರಲ್ಲಿ ಅಮೆರಿಕದ ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ಯಾನ್ಲಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದಾರಿ ತೋರಿಸಿದರು. ಪಿ.ಯು.ಸಿ.ಯಲ್ಲಿ ಲಿಗ್ಯಾಂಡ್ ಪಾಠ ಓದಿದವರಿಗೆ ಇದು ಬೇಗ ಹೊಳೆಯುತ್ತದೆ. ಎರಡು ರಂಜಕಗಳುಳ್ಳ ಲಿಗ್ಯಾಂಡ್ ಕೋಬಾಲ್ಟನ್ನು ಇಕ್ಕಳದಂತೆ ಹಿಡಿದಿರುತ್ತದೆ. ಅದು ಸುಲಭವಾಗಿ ಕಳಚದು. ಜೊತೆಗೆ ಇಡೀ ಸಂಕೀರ್ಣಕ್ಕೆ ಧನಾವೇಶವಿದೆ. ಆದ್ದರಿಂದ ಲೋಹ ಕಾರ್ಬನ್ ಮಾನಾಕ್ಸೈಡನ್ನು ಸಡಿಲವಾಗಿ ಹಿಡಿದು, ಬೇಗ ಬಿಟ್ಟು, ಮುಂದಿನ ಅಣುವಿಗೆ ಜಾಗ ಕೊಡುತ್ತದೆ. ಒತ್ತಡ ಹಿಂದಿನದಕ್ಕಿಂತ ಎಷ್ಟೋ ಕಡಿಮೆ ಸಾಕು. ವೇಗ ರೋಡಿಯಮ್‌ನ ಸಮೀಪಕ್ಕೆ ಬರುತ್ತದೆ.

ಒಂದು ತೊಡಕು ಮಾತ್ರ ಉಳಿದಿದೆ. ಸರಳ ಆಲ್ಕೀನುಗಳಿಂದ ಕಾರ್ಖಾನೆಗೆ ಹೆಚ್ಚಾಗಿ ಬೇಕಾದದ್ದು ನೇರ ಸರಪಳಿಯ ಆಲ್ಡಿಹೈಡ್. ಈ ಕೋಬಾಲ್ಟ್ ಕವಲೊಡೆದದ್ದನ್ನೂ ಸಾಕಷ್ಟು ಬೆರೆಸಿಕೊಡುತ್ತದೆ. ಆ ವಿಷಯದಲ್ಲಿ ಮೇಲುಗೈ ರೋಡಿಯಮ್‌ನದೇ.